ಹಾಕಿಸುವುದು, ಮಾಡಿಕೊಳ್ಳುವುದು

ಪೆಟ್ರೋಲನ್ನು ನಾವು ಹಾಕಿಸುತ್ತೇವೆ, ಚಾರ್ಜನ್ನು ಮಾಡಿಕೊಳ್ಳುತ್ತೇವೆ. ಈ ಎರಡು ಕ್ರಿಯಾಪದಗಳ ನಡುವಣ ಅಂತರ ವ್ಯಾಕರಣಕ್ಕಷ್ಟೇ ಸಂಬಂಧಿಸಿದ್ದಲ್ಲವೆಂಬುದು ವಿದ್ಯುತ್ ಕಾರು ಮನೆಗೆ ಬಂದ ಈ ಎರಡು ವರ್ಷಗಳಲ್ಲಿ ನಮಗೆ ದಿನದಿನವೂ ಮನವರಿಕೆಯಾಗುತ್ತಿದೆ. ಹಾಕಿಸು ಎಂಬಲ್ಲಿ ಇನ್ನೊಬ್ಬ ಮನುಷ್ಯನಿದ್ದಾನೆ. ಕೂಕಟ್‌ಪಲ್ಲಿಯ ಹೆದ್ದಾರಿಯಲ್ಲಿ, ಮೆಟ್ರೋ ಕಂಬಗಳ ಸಾಲಿನ ಪಕ್ಕದ ಯಾವ ಬಂಕಿಗೆ ಹೋದರೂ, ನೀಲಿಯದೋ ಕಿತ್ತಳೆಯದೋ ಅಂಗಿ ತೊಟ್ಟ ಹುಡುಗನೊಬ್ಬ ‘ಜೀರೋ ಚೂಡಂಡಿ ಸಾರ್’ ಎನ್ನುತ್ತಾನೆ. ಸೊನ್ನೆಯನ್ನು ನೋಡಿ ತಲೆಯಾಡಿಸುತ್ತೇವೆ. ಮೂರು ನಿಮಿಷದಲ್ಲಿ ಹೊರಗೆ ಬಂದಿರುತ್ತೇವೆ. ಅಲ್ಲಿ ಗಾಳಿ ಉಂಟು, ಕುಡಿಯುವ ನೀರು ಉಂಟು, ಅಳತೆಯಲ್ಲಿ ಅನುಮಾನ ಬಂದರೆ ಕೇಳಿ ನೋಡಬಹುದಾದ ಐದು ಲೀಟರಿನ ಮಾಪಕವೂ ಉಂಟು. ಎಲ್ಲಕ್ಕಿಂತ ಮಿಗಿಲಾಗಿ, ನಡುರಾತ್ರಿಯಲ್ಲೂ ಬೆಳಕು ಮತ್ತು ಜನ ಉಂಟು.

ಚಾರ್ಜಿಂಗ್ ಕೇಂದ್ರದಲ್ಲಿ ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಒಂದು ಪೆಟ್ಟಿಗೆ, ಒಂದು ದಪ್ಪನೆಯ ಕೇಬಲ್, ಅಂಟಿಸಿದ ಕ್ಯೂಆರ್ ಚೀಟಿ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ಆ್ಯಪಿನಲ್ಲೂ ಮುಂಗಡವಾಗಿ ತುಂಬಿಡಬೇಕಾದ ಒಂದಿಷ್ಟು ಹಣ. ನಮ್ಮ ಮೊಬೈಲಿನಲ್ಲಿ ಈಗ ಇಂಥವು ಆರು ಇವೆ. ಅವುಗಳಲ್ಲಿ ಚದುರಿಹೋದ ನಮ್ಮ ಹಣವನ್ನೆಲ್ಲ ಒಟ್ಟುಗೂಡಿಸಿದರೆ ಒಂದು ತಿಂಗಳ ಹಾಲಿನ ಲೆಕ್ಕ ಚುಕ್ತವಾದೀತು.

ಕೇಂದ್ರಗಳ ಸಂಖ್ಯೆಯೊಂದೇ ಇಲ್ಲಿ ಪ್ರಶ್ನೆಯಲ್ಲ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿದೆ. ಬಂಕಿನ ಕೊಳವೆ ನಿಮಿಷಕ್ಕೆ 30 ಲೀಟರ್ ಸುರಿಯಿತೆಂದು ಇಟ್ಟುಕೊಳ್ಳೋಣ: 270 ಯೂನಿಟ್. ಅಂದರೆ ಆ ಹುಡುಗ ಒಂದು ಕೈಯಲ್ಲಿ ಹಿಡಿದಿರುವುದು 16,000 ಕಿಲೋವಾಟಿಗೂ ಮೀರಿದ ಪ್ರವಾಹವನ್ನು. ಎಂಜಿನ್ನು ಅದರಲ್ಲಿ ಮುಕ್ಕಾಲು ಪಾಲನ್ನು ಶಾಖವಾಗಿ ಪೋಲುಮಾಡುತ್ತದೆನ್ನಿ. ಆದರೂ 4,000 ಉಳಿಯಿತು. ರಸ್ತೆಬದಿಯ ವೇಗದ ಚಾರ್ಜರ್ ಕೊಡುವುದು 30 ಅಥವಾ 60 ಕಿಲೋವಾಟ್. ಮನೆಯ 16 ಆಂಪಿಯರ್ ಸಾಕೆಟ್ಟಿನಿಂದ ದೊರೆಯುವುದು ಮೂರು ಚಿಲ್ಲರೆ. ನಮ್ಮ ಕಾರಿನ 30 ಯೂನಿಟ್ಟಿನ ಬ್ಯಾಟರಿಗೆ ರಾತ್ರಿಯಿಡೀ ಬೇಕು. ಆದ್ದರಿಂದ ಬಂಕನ್ನು ಚಾರ್ಜರಿನ ಪಕ್ಕದಲ್ಲಿ ನಿಲ್ಲಿಸಿ ಎತ್ತರ ಅಳೆಯುವುದು ಅಷ್ಟು ನ್ಯಾಯವಲ್ಲ. ಒಂದು ಬಾವಿಯ ರೀತಿ, ಇನ್ನೊಂದು ಒರತೆಯ ರೀತಿ. ಒರತೆಯುಳ್ಳವನು ಮನೆಯಂಗಳದಲ್ಲೇ ಅದನ್ನು ಪಡೆದಿರಬೇಕು.

ಹಾಗೆಂದು ಬಂಕುಗಳೂ ಆಕಾಶದಿಂದ ಉದುರಿದವಲ್ಲ. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ಼್ ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರು ಹೊರಡಿಸಿದಾಗ, ದಾರಿಯಲ್ಲಿ ಇಂಧನ ದೊರೆತದ್ದು ವೀಸ್ಲೋಖ್ ಎಂಬ ಊರಿನ ಔಷಧದಂಗಡಿಯಲ್ಲಿ. ಕಲೆ ತೆಗೆಯಲು ಬಳಸುತ್ತಿದ್ದ ದ್ರಾವಣ ಅದು. ಜಗತ್ತಿನ ಮೊದಲ ಪೆಟ್ರೋಲ್ ಬಂಕೆಂದು ಆ ಅಂಗಡಿಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ನಮ್ಮ ಬೆಂಗಳೂರಿನ ರೇವಾ 2001ರಲ್ಲಿ ರಸ್ತೆಗಿಳಿದಾಗ ಅದಕ್ಕೆ ಅಂಥ ಔಷಧದಂಗಡಿಯೂ ಇರಲಿಲ್ಲ. ಕೊಂಡವರು ಮನೆಯ ಪ್ಲಗ್ಗನ್ನೇ ನಂಬಿದ್ದರು.

ಸರಕಾರದ ಕಡೆಯಿಂದ ನಿಯಮಗಳಿಗೆ ಕೊರತೆಯಿಲ್ಲ. (ಸರಕಾರಿ ನೌಕರಿಯಲ್ಲಿದ್ದು ಸುತ್ತೋಲೆಗಳನ್ನು ಓದುವ ಚಾಳಿ ನಮಗೆ ಅಂಟಿಕೊಂಡಿದೆ.) ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಏಪ್ರಿಲಿನಲ್ಲಿ, ವಾಹನ ಚಾರ್ಜ್ ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಸೇವೆ, ಅದಕ್ಕೆ ಪರವಾನಗಿ ಬೇಡ ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ಡಿಸೆಂಬರಿನ ಮಾರ್ಗಸೂಚಿಯು ನಗರದಲ್ಲಿ 3 ಕಿ.ಮೀ. ಉದ್ದಗಲದ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿಗೆ 25 ಕಿ.ಮೀ.ಗೊಂದು ಕೇಂದ್ರವಿರಬೇಕೆಂದಿತು. ಆ 25 ಕಿಲೋಮೀಟರಿನ ಮಾತಿನ ನಿಜವಾದ ಅರ್ಥವನ್ನು ನಾವು ತಿಳಿದದ್ದು ಕಳೆದ ಚಳಿಗಾಲದ ಒಂದು ರಾತ್ರಿ.

ಹುಮನಾಬಾದಿನಿಂದ ಫೋನು ಬಂದಾಗ ಹನ್ನೊಂದು ಗಂಟೆ. ನಮ್ಮ ದೊಡ್ಡಮ್ಮನವರಿಗೆ ಮಾತು ನಿಂತಿತ್ತು. ಕೂಕಟ್‌ಪಲ್ಲಿಯಿಂದ 65ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ನೂರೈವತ್ತು ಕಿಲೋಮೀಟರಿನಷ್ಟು ದಾರಿ. ಕಾರಿನಲ್ಲಿ ಉಳಿದಿದ್ದದ್ದು ಶೇ. 41. ಗಂಡಹೆಂಡಿರಿಬ್ಬರೂ ಮಾತಿಲ್ಲದೆ ಹೊರಟೆವು. ಸದಾಶಿವಪೇಟೆಯ ಆಚೀಚೆ ಒಂದು ಢಾಬಾದ ಹಿಂಬದಿಯಲ್ಲಿ ಚಾರ್ಜರ್ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಆದರೆ ಅದಕ್ಕೆ ಬೇರೊಂದು ಕಾರು ಕಚ್ಚಿಕೊಂಡಿತ್ತು, ಒಳಗೆ ಯಜಮಾನ ಸೀಟು ಮಲಗಿಸಿ ನಿದ್ರಿಸುತ್ತಿದ್ದ. ರಸ್ತೆಯಾಚೆಗೆ ಬಂಕು. ಅಲ್ಲಿಗೆ ಬಂದು ಹೋಗುವ ಗಾಡಿಗಳನ್ನು ಎಣಿಸುತ್ತ ನಿಂತೆವು. ನಲವತ್ತರ ಮೇಲೆ ಎಣಿಸುವುದನ್ನು ಬಿಟ್ಟೆವು.

ಕೊನೆಗೆ ಗಾಜು ತಟ್ಟಬೇಕಾಯಿತು. ಆತ ಬೀದರಿನವನು. ವಿಷಯ ತಿಳಿದದ್ದೇ ಇಳಿದುಬಂದು ಕೇಬಲ್ ಕಿತ್ತ. ‘ನಮ್ಗ ಇಷ್ಟ್ ಸಾಕ್ರೀ ಅಕ್ಕಾರ, ನೀವು ಹಚ್ರಿ’ ಎಂದ. ಹಚ್ಚುವುದು: ನಮ್ಮ ಕಡೆ ದೀಪಕ್ಕೂ ಪ್ಲಗ್ಗಿಗೂ ಒಂದೇ ಮಾತು. ಐವತ್ತು ನಿಮಿಷದ ಬಳಿಕ ನಾವು ಹೊರಟಾಗ ಆತ ಇನ್ನೂ ಅಲ್ಲೇ ಇದ್ದ. ತನ್ನ ಕಾರಿಗೆ ಮತ್ತೆ ಕೇಬಲ್ ಹಚ್ಚಿಕೊಳ್ಳುವವನಿದ್ದ. ಅವನಿಗೆ ‘ಇಷ್ಟು ಸಾಕು’ ಆಗಿರಲಿಲ್ಲವೆಂಬುದು ಆಗ ಹೊಳೆಯಿತು. ನಾವು ಹುಮನಾಬಾದ್ ಸೇರುವ ಹೊತ್ತಿಗೆ ದೊಡ್ಡಮ್ಮನವರನ್ನು ಕಲಬುರಗಿಗೆ ಒಯ್ದಾಗಿತ್ತು. ಅವರು ಉಳಿದರು, ಮಾತು ಅರ್ಧ ಮರಳಿದೆ.

ಪೆಟ್ರೋಲ್ ಕಾರಾಗಿದ್ದರೆ ಒಂದೂವರೆ ಗಂಟೆ ಮುಂಚೆ ತಲುಪುತ್ತಿದ್ದೆವು. ಅದನ್ನು ಮುಚ್ಚಿಟ್ಟು ವಿದ್ಯುತ್ ವಾಹನವನ್ನು ಹೊಗಳಲು ನಮಗೆ ಮನಸ್ಸಿಲ್ಲ. ಆದರೂ ವರ್ಷದ ಮುನ್ನೂರೈವತ್ತು ದಿನ ನಾವು ಬಂಕಿನ ಮುಖ ನೋಡಬೇಕಾಗಿಲ್ಲ, ಪೆಟ್ರೋಲಿಗೆ ಹಣ ತೆರಬೇಕಾಗಿಲ್ಲ ಎಂಬುದೂ ನಿಜ. ಸೆಲ್ಲಾರಿನ ನಮ್ಮ ಜಾಗದಲ್ಲಿ, ನಮ್ಮದೇ ಮೀಟರಿನಿಂದ ಎಳೆದ ತಂತಿಯ ತುದಿಯಲ್ಲಿ, ಕಾರು ರಾತ್ರಿ ಮಲಗುತ್ತದೆ; ಬೆಳಗ್ಗೆ ತುಂಬಿರುತ್ತದೆ.

ಆ ತಂತಿಯೇ ಈಗ ಕಟ್ಟಡದ ಚರ್ಚೆಯ ವಿಷಯ. ತೆಲಂಗಾಣ ಸರಕಾರವು 2024ರ ನವೆಂಬರಿನಿಂದ 2026ರ ಕೊನೆಯವರೆಗೆ ವಿದ್ಯುತ್ ವಾಹನಗಳಿಗೆ ರಸ್ತೆ ತೆರಿಗೆಯನ್ನೂ ನೋಂದಣಿ ಶುಲ್ಕವನ್ನೂ ಪೂರ್ತಿ ಬಿಟ್ಟುಕೊಟ್ಟಿತು. ಹೊಸ ಕಟ್ಟಡಗಳಲ್ಲಿ ನಿಲುಗಡೆಯ ಶೇ. 20ರಷ್ಟು ಜಾಗ ಚಾರ್ಜಿಂಗಿಗೆ ಸಜ್ಜಾಗಿರಬೇಕೆಂದು ಕೇಂದ್ರದ ಮಾದರಿ ಉಪವಿಧಿಗಳು 2019ರಲ್ಲೇ ಹೇಳಿದವು. ನಮ್ಮದು ಹಳೆಯ ಕಟ್ಟಡ. ಇಲ್ಲಿ ಸಚಿವಾಲಯಕ್ಕಿಂತ ಸಂಘದ ಕಾರ್ಯದರ್ಶಿಯ ಮಾತು ದೊಡ್ಡದು. ಫ್ಲಾಟಿನ ಮಾಲೀಕರಾದ ಕಾರಣ ನಮಗೆ ಒಂದು ವರ್ಷದ ತಾತ್ಕಾಲಿಕ ಅನುಮತಿ ಸಿಕ್ಕಿತು. ಮೂರನೆಯ ಮಹಡಿಯ ಬಾಡಿಗೆಯ ಹುಡುಗ, ಮನೆಮನೆಗೆ ಊಟ ಮುಟ್ಟಿಸುವ ಕೆಲಸದವನು, ವಿದ್ಯುತ್ ಸ್ಕೂಟರ್ ಕೊಳ್ಳಬೇಕೆಂದು ಒಂದು ಸಾಕೆಟ್ ಕೇಳಿದಾಗ, ಬೆಂಕಿಯ ಭಯ, ಹೊರೆಯ ಭಯ, ಬಿಲ್ಲಿನ ಗೊಂದಲ ಎಲ್ಲವೂ ಒಟ್ಟಿಗೆ ನೆನಪಾದವು. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವ ಅವನಿಗೆ ಪೆಟ್ರೋಲಿನ ಉಳಿತಾಯ ನಮಗಿಂತ ಹತ್ತುಪಟ್ಟು ಬೇಕಾದದ್ದು. ಬಂಕು ಯಾರನ್ನೂ ‘ನೀವು ಮಾಲೀಕರೋ, ಬಾಡಿಗೆಯವರೋ’ ಎಂದು ಕೇಳುವುದಿಲ್ಲ.

ಅವನಿಗೊಂದು ಪ್ರತ್ಯೇಕ ಸಬ್‌ಮೀಟರ್ ಕೂರಿಸಿ, ಯೂನಿಟ್ಟಿಗೆ ಇಷ್ಟೆಂದು ಹಣ ಪಡೆಯಬಹುದೆಂದು ನಾವು ಸಂಘಕ್ಕೆ ಬರೆದುಕೊಟ್ಟಿದ್ದೇವೆ. ನಮ್ಮ ಅನುಮತಿಯ ನವೀಕರಣವನ್ನೂ ಅದರ ಜೊತೆಗೇ ಕೇಳಿದ್ದೇವೆ, ಒಂದನ್ನು ಕೊಟ್ಟು ಇನ್ನೊಂದನ್ನು ನಿರಾಕರಿಸುವುದು ಕಷ್ಟವಾಗಲಿ ಎಂದು. ಬರುವ ಭಾನುವಾರದ ಸಭೆಯಲ್ಲಿ ಅದು ಮೂರನೆಯ ವಿಷಯ, ನೀರಿನ ಟ್ಯಾಂಕರ್ ಮತ್ತು ಲಿಫ್ಟಿನ ರಿಪೇರಿ ಮುಗಿದ ಮೇಲೆ.