ಕಣ್ಣಿಗೆ ಕಂಡ ಗಂಟು, ಕಾಣದ ಗಂಟು



ನನ್ನ ಅಕ್ಕನ ಕೊರಳಿನಲ್ಲೊಂದು ಗಂಟಿತ್ತು. ಅದು ಎಷ್ಟು ವರ್ಷಗಳಿಂದ ಇದ್ದಿತೆಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸೆರಗನ್ನು ತಲೆಯ ಮೇಲೆ ಹೊದ್ದು ಕೊರಳ ಸುತ್ತ ಎಳೆದುಕೊಳ್ಳುವುದು ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳ ರೂಢಿಯಾದುದರಿಂದ ನಾವಾರೂ ಗಮನಿಸಿರಲಿಲ್ಲ. 2022ರ ಶ್ರಾವಣದ ಒಂದು ಮಧ್ಯಾಹ್ನ ಅವಳು ಚೆಂಬೆತ್ತಿ ನೀರು ಕುಡಿಯುತ್ತಿದ್ದಾಗ ಎದುರಿಗೆ ಕುಳಿತಿದ್ದ ಮೊಮ್ಮಗಳು, "ಆಯಿ, ನಿನ್ನ ಕುತ್ತಿಗ್ಯಾಗ ಏನೋ ಮ್ಯಾಲೆ ಕೆಳಗ ಆಡತೈತಿ" ಎಂದು ಕೂಗಿದಳು. ನುಂಗುವಾಗ ಮೇಲೇರಿ ಇಳಿಯುವ ಗಂಟು ಸಾಮಾನ್ಯವಾಗಿ ಥೈರಾಯ್ಡ್ ಗ್ರಂಥಿಗೆ ಸೇರಿದುದೆಂದು ವೈದ್ಯರು ಹೇಳುತ್ತಾರೆ.

ತಂದೆತಾಯಿಗಳಿಲ್ಲದ ನನ್ನನ್ನು ಸಾಕಿ, ಪ್ರಸಾದನಿಲಯಕ್ಕೆ ಸೇರಿಸಿ, ಓದಿಸಿ ಮನುಷ್ಯನನ್ನಾಗಿ ಮಾಡಿದವಳು ಈ ಅಕ್ಕ. ಆದುದರಿಂದ ಆ ಗಂಟನ್ನು ಕಂಡೊಡನೆ ನನ್ನ ಜೀವವೇ ಕೊರಳಿಗೆ ಬಂದಿತು. ಏಡಿಗಂತಿ ಎಂಬ ಮಾತನ್ನು ಮನೆಯಲ್ಲಿ ಯಾರೂ ಆಡಲಿಲ್ಲ; ಆದರೆ ಎಲ್ಲರ ಮನಸ್ಸಿನಲ್ಲಿಯೂ ಅದೇ ಇತ್ತು. ಒಬ್ಬರು ಬೇರಿನ ಲೇಪ ಹಚ್ಚಿರೆಂದರು. ಇನ್ನೊಬ್ಬರು, ಇದು ಬರಿಯ ಗಳಗಂಡ, ಉಪ್ಪು ಬದಲಿಸಿದರೆ ಸಾಕೆಂದರು. ಪಟ್ಟಣದ ಶಸ್ತ್ರವೈದ್ಯರೊಬ್ಬರು ಕೈಯಿಂದ ಮುಟ್ಟಿ ನೋಡಿ, "ಬಲಗಡೆ ಗಂಟಿದೆ, ಬಲಭಾಗವನ್ನು ತೆಗೆದುಬಿಡೋಣ" ಎಂದು ದಿನವನ್ನೂ ಗೊತ್ತುಮಾಡಿದರು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಕಲಿಸಿದ ನಾನು ತಲೆಯಾಡಿಸಿ ಬಂದೆ. ಎಷ್ಟು ಹಣವಾದೀತೆಂದು ಕೇಳಿದೆ. ಏಕೆ ತೆಗೆಯಬೇಕೆಂದು ಕೇಳಲಿಲ್ಲ. ಅಕ್ಕನ ಅಭಿಪ್ರಾಯವನ್ನಂತೂ ಕೇಳಲೇ ಇಲ್ಲ.

ಆ ರಾತ್ರಿ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿಯಲ್ಲಿ ವಿಷಯ ತಿಳಿಸಿದೆ. ಅವನು ಒಂದೇ ಪ್ರಶ್ನೆ ಕೇಳಿದ: "ಸರ್, ಕೊರಳಿನ ಸ್ಕ್ಯಾನಿಂಗ್ ಆಗಿದೆಯೇ?" ಆಗಿರಲಿಲ್ಲ.

ಥೈರಾಯ್ಡ್ ಗ್ರಂಥಿಯು ಕೊರಳಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕುಳಿತಿದೆ. ಅಯೋಡಿನ್ ಅಂಶದಿಂದ ಅದು ತಯಾರಿಸುವ ರಸಗಳು ದೇಹದ ಚಟುವಟಿಕೆಯ ವೇಗವನ್ನು ನಿಯಂತ್ರಿಸುತ್ತವೆ. ಈ ಗ್ರಂಥಿಯ ಮೇಲಿನ ಸಂಶೋಧನೆಗಾಗಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಥಿಯೊಡೋರ್ ಕೋಕರ್ ಅವರಿಗೆ 1909ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಇದರೊಳಗೆ ಗಂಟುಗಳಾಗುವುದು ಅಪರೂಪದ ಸಂಗತಿಯೇನಲ್ಲ. ವಯಸ್ಸಾದಂತೆ ಅವು ಹೆಚ್ಚುತ್ತವೆ. ಗಂಡಸರಿಗಿಂತ ಹೆಂಗಸರಲ್ಲಿ ಅಧಿಕ. ಆದರೆ ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಿರಪಾಯಕಾರಿಯಾದವು. ಉಳಿದ ಕೆಲವನ್ನು ಗುರುತಿಸುವುದು ಹೇಗೆಂಬುದೇ ಪ್ರಶ್ನೆ.

ಪ್ರಸಾದನಿಲಯದಲ್ಲಿ ಓದಿದ ನನ್ನ ವಾಚಕರಿಗೆ ಬಾವಿಯೊಳಗೆ ಬಗ್ಗಿ ಕೂಗಿದ ನೆನಪು ಇದ್ದೇ ಇರಬೇಕು. ಮಳೆಗಾಲದಲ್ಲಿ ನೀರು ಮೇಲಿದ್ದಾಗ ನಮ್ಮ ಕೂಗು ಬೇಗನೆ ಮರಳುತ್ತಿತ್ತು. ಬೇಸಿಗೆಯಲ್ಲಿ ನೀರು ಆಳಕ್ಕಿಳಿದಾಗ ತುಸು ತಡೆದು ಬರುತ್ತಿತ್ತು. ಅಲ್ಟ್ರಾಸೌಂಡ್ ಯಂತ್ರದ ತತ್ತ್ವವೂ ಇದೇ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳುಳ್ಳ ಧ್ವನಿ ಮನುಷ್ಯನ ಕಿವಿಗೆ ಕೇಳಿಸದು. ಕೊರಳನ್ನು ನೋಡಲು ಬಳಸುವ ಧ್ವನಿಗಾದರೋ ಸೆಕೆಂಡಿಗೆ ಸುಮಾರು ಒಂದು ಕೋಟಿ ಕಂಪನಗಳು. ಆ ಧ್ವನಿ ಚರ್ಮದೊಳಗೆ ಹೊಕ್ಕು, ಅಂಗಾಂಶಗಳಿಗೆ ತಾಗಿ ಮರಳುವ ಹೊತ್ತನ್ನೂ ಬಲವನ್ನೂ ಅಳೆದು ಯಂತ್ರವು ಚಿತ್ರ ಬರೆಯುತ್ತದೆ. ನಡುವೆ ಗಾಳಿಯ ಪೊರೆ ಉಳಿದರೆ ಧ್ವನಿ ಒಳಹೋಗದಾದುದರಿಂದ ತಣ್ಣನೆಯ ಲೋಳೆಯನ್ನು ಹಚ್ಚುತ್ತಾರೆ. ಎಕ್ಸ್-ರೇ ಕಿರಣಗಳ ಸೋಂಕು ಇದರಲ್ಲಿಲ್ಲ, ನೋವೂ ಇಲ್ಲ.

ನಾನು ಅಕ್ಕನೊಡನೆ ಆ ಕತ್ತಲ ಕೋಣೆಯಲ್ಲಿ ನಿಂತಿದ್ದೆ. ಪರೀಕ್ಷಿಸುತ್ತಿದ್ದ ತರುಣ ವೈದ್ಯೆ ನಾನು ಮೇಷ್ಟ್ರೆಂದು ತಿಳಿದು ಪರದೆಯನ್ನು ತೋರಿಸುತ್ತ ವಿವರಿಸಿದರು. ಅಮೆರಿಕದ ಕ್ಷಕಿರಣ ತಜ್ಞರ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಪದ್ಧತಿಯಂತೆ ಐದು ಲಕ್ಷಣಗಳನ್ನು ನೋಡಿ ಅಂಕಗಳನ್ನು ಕೊಡುತ್ತಾರೆ. ಗಂಟಿನೊಳಗೆ ನೀರಿದೆಯೋ, ಘನವಾಗಿದೆಯೋ? ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿ ಕಾಣುವುದೋ? ಅಡ್ಡಗಲಕ್ಕಿಂತ ನಿಲುವು ಹೆಚ್ಚೋ? ಅಂಚು ನುಣುಪೋ, ಒಡ್ಡೊಡ್ಡೋ? ಒಳಗೆ ಹೊಳೆಯುವ ಸೂಕ್ಷ್ಮ ಚುಕ್ಕೆಗಳಿವೆಯೋ? ನಮ್ಮ ಪರೀಕ್ಷೆಗಳಿಗೂ ಇದಕ್ಕೂ ಒಂದೇ ವ್ಯತ್ಯಾಸ: ಇಲ್ಲಿ ಅಂಕ ಹೆಚ್ಚಾದಷ್ಟೂ ಸಂಶಯ ಹೆಚ್ಚು. ಏಳು ಅಥವಾ ಅದಕ್ಕೆ ಮೇಲ್ಪಟ್ಟು ಬಂದರೆ ಬಲವಾದ ಶಂಕೆ.

ಊರೆಲ್ಲ ಬೆರಳು ತೋರಿಸಿದ್ದ ಬಲಗಡೆಯ ಗಂಟು ಮೂರು ಸೆಂಟಿಮೀಟರ್ ಇತ್ತು. ಒಳಗೆಲ್ಲ ಸಣ್ಣ ಸಣ್ಣ ನೀರಿನ ಗೂಡುಗಳು, ಜೇನುಹುಟ್ಟಿನಂತೆ. ಅದಕ್ಕೆ ಸಂದ ಅಂಕ ಸೊನ್ನೆ. "ಇದು ನಿರಪಾಯಕಾರಿ" ಎಂದರು. ನಾನು ನಿಟ್ಟುಸಿರುಬಿಟ್ಟು, "ಏಳು ಅಕ್ಕ, ಹೋಗೋಣ" ಎಂದೆ. ವೈದ್ಯೆ ಕೈಯೆತ್ತಿ ನನ್ನನ್ನು ತಡೆದರು. "ಇನ್ನೂ ಮುಗಿದಿಲ್ಲ ಸರ್, ಎಡಗಡೆ ನೋಡಬೇಕು."

ಎಡಗಡೆ, ಗ್ರಂಥಿಯ ಹಿಂಬದಿಗೆ, ಯಾವ ಬೆರಳಿಗೂ ಸಿಕ್ಕದ ಇನ್ನೊಂದು ಗಂಟು ಇತ್ತು. ಕೇವಲ ಹನ್ನೆರಡು ಮಿಲಿಮೀಟರ್. ಘನವಾಗಿತ್ತು, ಕಪ್ಪಾಗಿತ್ತು, ಅಗಲಕ್ಕಿಂತ ನಿಲುವು ಹೆಚ್ಚಾಗಿತ್ತು, ಒಳಗೆ ಉಪ್ಪಿನ ಹರಳಿನಂತಹ ಬಿಳಿಯ ಚುಕ್ಕೆಗಳಿದ್ದುವು. ವೈದ್ಯೆ ಒಂದೊಂದಾಗಿ ಎಣಿಸಿದರು: ಎರಡು, ಎರಡು, ಮೂರು, ಮೂರು. ಒಟ್ಟು ಹತ್ತು. ಆಮೇಲೆ ಮೌನವಾಗಿ ಕೊರಳಿನ ಎರಡೂ ಪಕ್ಕದ ದುಗ್ಧರಸ ಗ್ರಂಥಿಗಳನ್ನು ಹುಡುಕಿ ನೋಡಿದರು. ಅಲ್ಲಿಗೇನೂ ಹರಡಿರಲಿಲ್ಲ.

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಯಂತ್ರ ಶಂಕೆಯನ್ನು ತಿಳಿಸುತ್ತದೆ. ಕಡೆಯ ತೀರ್ಪನ್ನು ಕೊಡುವುದಿಲ್ಲ. ತೀರ್ಪಿಗಾಗಿ, ಅದೇ ಯಂತ್ರದ ಚಿತ್ರವನ್ನು ನೋಡುತ್ತ ಸಣ್ಣ ಸೂಜಿಯಿಂದ ಕೆಲವು ಜೀವಕೋಶಗಳನ್ನು ಹೀರಿ ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸುತ್ತಾರೆ. ಗಂಟಿನ ಅಂಕ ಮತ್ತು ಗಾತ್ರ ಎರಡನ್ನೂ ನೋಡಿ ಸೂಜಿ ಬೇಕೋ ಬೇಡವೋ ಎಂದು ನಿರ್ಧರಿಸುವರು. ಬಲವಾದ ಶಂಕೆಯಿದ್ದಲ್ಲಿ ಒಂದು ಸೆಂಟಿಮೀಟರಿಗೇ ಸೂಜಿ. ಅಲ್ಪ ಶಂಕೆಯಿದ್ದಲ್ಲಿ ಎರಡೂವರೆ ಸೆಂಟಿಮೀಟರ್ ಆಗುವವರೆಗೆ ಬೇಡ. ಅಕ್ಕನಿಗೆ ಸಂದೇಹ ಉಳಿಯಬಾರದೆಂದು ಎರಡೂ ಗಂಟುಗಳಿಂದ ತೆಗೆದರು. ದೊಡ್ಡದು ನಿರ್ದೋಷಿ. ಚಿಕ್ಕದು ಪ್ಯಾಪಿಲರಿ ಎಂಬ ಜಾತಿಯ ಕ್ಯಾನ್ಸರ್. ಥೈರಾಯ್ಡಿನ ಕ್ಯಾನ್ಸರುಗಳಲ್ಲಿ ಇದೇ ಹೆಚ್ಚು. ಬಹುಪಾಲು ನಿಧಾನವಾಗಿ ಬೆಳೆಯುವಂಥದು, ಸಕಾಲದಲ್ಲಿ ಚಿಕಿತ್ಸೆಯಾದರೆ ಸಾಮಾನ್ಯವಾಗಿ ಗುಣವಾಗುವಂಥದು.

ಈ ಸಲ ನಾನು ಅಕ್ಕನನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ, ರೋಗದ ಹೆಸರನ್ನೂ ಮರೆಮಾಚಲಿಲ್ಲ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಮೊದಲ ಹಿಂಗ ಹೇಳಿದ್ದರ ಇಷ್ಟು ದಿನ ಒಬ್ಬಾಕಿನ ಅಂಜತಿದ್ದಿಲ್ಲ ತಮ್ಮಾ" ಎಂದಳು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವಳನ್ನು ಕಾಪಾಡುತ್ತಿದ್ದೇನೆಂದು ನಾನು ಭಾವಿಸಿದ್ದೆ. ವಾಸ್ತವದಲ್ಲಿ ಅವಳ ಭಯದೊಡನೆ ಅವಳನ್ನು ಒಂಟಿಯಾಗಿ ಬಿಟ್ಟಿದ್ದೆ.

ಗ್ರಂಥಿಯ ಎಡಭಾಗವನ್ನು ಮಾತ್ರ ತೆಗೆದರು. ಮೊದಲು ಗೊತ್ತುಮಾಡಿದ್ದ ದಿನ ಬಲಭಾಗವನ್ನು ತೆಗೆಸಿದ್ದರೆ, ಕೇಡಿಲ್ಲದ್ದು ಹೋಗಿ ಕೇಡು ಉಳಿಯುತ್ತಿತ್ತು; ನಾವಾದರೋ ಗೆದ್ದೆವೆಂದು ಹಿಗ್ಗುತ್ತಿದ್ದೆವು!

ಇದನ್ನು ಓದಿ ನೀವೆಲ್ಲರೂ ನಾಳೆಯೇ ಸ್ಕ್ಯಾನಿಂಗಿಗೆ ಧಾವಿಸಬೇಕೆಂದು ನನ್ನ ಅಭಿಪ್ರಾಯವಲ್ಲ. ದಕ್ಷಿಣ ಕೊರಿಯಾದಲ್ಲಿ ಯಾವ ತೊಂದರೆಯೂ ಇಲ್ಲದವರ ಕೊರಳುಗಳನ್ನು ಪರೀಕ್ಷಿಸುವುದು ವ್ಯಾಪಕವಾದಾಗ, 2011ರ ವೇಳೆಗೆ ಪತ್ತೆಯಾದ ಥೈರಾಯ್ಡ್ ಕ್ಯಾನ್ಸರಿನ ಪ್ರಮಾಣ 1993ರ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಇದ್ದಂತೆಯೇ ಇದ್ದಿತು. ಎಂದರೆ ಎಂದಿಗೂ ಬಾಧಿಸದಿದ್ದ ಗಂಟುಗಳಿಗಾಗಿ ಅನೇಕರು ಕತ್ತಿಗೆ ಕೊರಳೊಡ್ಡಿದರು. ಗಂಟು ಕಂಡರೆ, ದನಿ ಒಡೆದು ಸರಿಹೋಗದಿದ್ದರೆ, ನುಂಗಲು ತೊಡಕಾದರೆ ಪರೀಕ್ಷೆ ಮಾಡಿಸಿರಿ. ಇಲ್ಲದ ರೋಗವನ್ನು ಹುಡುಕಿಕೊಂಡು ಹೋಗದಿರಿ. ಮನೆಯಲ್ಲಿ ಯಾರಿಗಾದರೂ ಗಂಟಾದರೆ, ಅವರ ಬೆನ್ನ ಹಿಂದೆ ಪಿಸುಗುಟ್ಟದೆ ಅವರೊಡನೆಯೇ ಮಾತಾಡಿರಿ.

ಅಕ್ಕ ಈಗ ಕ್ಷೇಮವಾಗಿದ್ದಾಳೆ. ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸುತ್ತೇವೆ. ಬಲಗಡೆಯ ಗಂಟು ಇನ್ನೂ ಅಲ್ಲಿಯೇ ಇದೆ. "ಆಪರೇಷನ್ ಆದರೂ ಗಂಟು ಹಂಗ ಐತೆಲ್ಲವಾ?" ಎಂದು ನೆರೆಯವರು ಮರುಗುತ್ತಾರೆ. ಅವಳು ಸೆರಗನ್ನು ಮರೆಮಾಡಿಕೊಳ್ಳದೆ ನಕ್ಕು ನುಡಿಯುತ್ತಾಳೆ: "ಕಂಡದ್ದು ಪಾಪದ್ದು, ಇರವಲ್ದ್ಯಾಕ. ಕಾಣದ್ದು ಹೋತು."