ಪ್ರವಾಸದ ಕೊನೆಯ ದಿನ: ಶಿವನಸಮುದ್ರದಿಂದ ವೀರಾಪುರದವರೆಗೆ

ಪ್ರವಾಸ ಹೊರಡುವ ದಿನದ ಬಗ್ಗೆ ನಾವೆಲ್ಲರೂ ಬಹಳ ಯೋಚಿಸುತ್ತೇವೆ; ಹಿಂದಿರುಗುವ ದಿನದ ಬಗ್ಗೆ ಅಷ್ಟಾಗಿ ಯೋಚಿಸುವುದಿಲ್ಲ. ಬಟ್ಟೆಬರೆ ಗಂಟು ಕಟ್ಟುವುದು, ಬುತ್ತಿಯಲ್ಲಿ ಉಳಿದುದನ್ನು ಮುಗಿಸುವುದು, ವಾಹನದಲ್ಲಿ ತೂಕಡಿಸುತ್ತ ಮನೆ ಸೇರುವುದು, ಇಷ್ಟೇ ಕೊನೆಯ ದಿನದ ರೂಢಿ. ಆದರೆ ಬರುವ ದಾರಿಯನ್ನು ಸ್ವಲ್ಪ ಬದಲಿಸಿಕೊಂಡರೆ ಆ ಒಂದು ದಿನವೇ ಇಡೀ ಪ್ರವಾಸಕ್ಕಿಂತ ಹೆಚ್ಚು ಫಲ ಕೊಡಬಲ್ಲದು. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ಈ ನಾಲ್ಕು ಊರುಗಳು ನಮಗೆ ಅಂತಹ ಒಂದು ದಿನವನ್ನು ಕೊಟ್ಟವು.

ದಸರಾ ರಜೆಯಲ್ಲಿ ದಾವಣಗೆರೆಯ ಅಣ್ಣನವರ ಸಂಸಾರ ಮತ್ತು ತುಮಕೂರಿನ ನಮ್ಮ ಸಂಸಾರ ಕೂಡಿ ತಾಯಿಯವರನ್ನು ಕರೆದುಕೊಂಡು ಶಿವನಸಮುದ್ರಕ್ಕೆ ಹೋಗಿದ್ದೆವು. ಕಾವೇರಿಯು ಎರಡು ಕವಲಾಗಿ ಹರಿದು, ಗಗನಚುಕ್ಕಿ ಮತ್ತು ಭರಚುಕ್ಕಿಗಳಲ್ಲಿ ಧುಮುಕಿ ಮತ್ತೆ ಒಂದಾಗುವ ನಡುವಿನ ನೆಲವೇ ಈ ದ್ವೀಪ. ಮಧ್ಯರಂಗನ ಗುಡಿ, ಸೋಮೇಶ್ವರನ ಗುಡಿ ಎರಡೂ ಅಲ್ಲಿವೆ. 1902ರಲ್ಲಿ ಇಲ್ಲಿಂದಲೇ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಮಕ್ಕಳಿಗೆ ಜಲಪಾತವೇ ಸಾಕಾಗಿತ್ತು. ಹಿರಿಯರಾದ ನಮಗೆ ಮಾತ್ರ ಮನಸ್ಸಿನಲ್ಲಿ ಒಂದು ಭಾರವಿತ್ತು.

ಹಿಂದಿನ ವರ್ಷ ತಂದೆಯವರು ಲಿಂಗೈಕ್ಯರಾಗಿದ್ದರು. ತಿಪಟೂರಿನ ಕಡೆಯ ಊರಿನ ಮನೆಯಲ್ಲಿ ತಾಯಿಯವರು ಒಬ್ಬರೇ ಇದ್ದರು. ಅವರಿಗೆ ಎಪ್ಪತ್ತೆಂಟು ವರ್ಷ. ಮನೆಗೆ ಬೀಗ ಹಾಕಿ, ಆರು ತಿಂಗಳು ದಾವಣಗೆರೆಯಲ್ಲಿ, ಆರು ತಿಂಗಳು ತುಮಕೂರಿನಲ್ಲಿ ಅವರನ್ನು ಇರಿಸಿಕೊಳ್ಳುವುದೆಂದು ಅಣ್ಣನವರೂ ನಾವೂ ಮಾತನಾಡಿಕೊಂಡಿದ್ದೆವು. ಪ್ರವಾಸದಲ್ಲಿ ನಿಧಾನವಾಗಿ ಹೇಳಿದರಾಯಿತು ಎಂದುಕೊಂಡದ್ದು ಹೇಳದೆಯೇ ಉಳಿದು, ಕೊನೆಯ ದಿನ ಬಂದೇಬಿಟ್ಟಿತು.

ಬೆಳಗಿನ ಜಾವವೇ ಹೊರಟು ಮಳವಳ್ಳಿ, ಹಲಗೂರು ದಾಟಿ ಕನಕಪುರಕ್ಕೆ ಬಂದೆವು. ಹಿಂದೆ ಕಾನಕಾನಹಳ್ಳಿ ಎಂದು ಹೆಸರಿದ್ದ ಈ ಊರು ಅರ್ಕಾವತಿಯ ದಡದಲ್ಲಿದೆ. ನಂದಿಬೆಟ್ಟದ ಕಡೆ ಹುಟ್ಟುವ ಈ ಹೊಳೆ ತಿಪ್ಪಗೊಂಡನಹಳ್ಳಿ, ಮಂಚನಬೆಲೆ ಜಲಾಶಯಗಳನ್ನು ಹಾದು, ರಾಮನಗರವನ್ನು ಬಳಸಿ, ಕನಕಪುರದ ಕೆಳಗೆ ಹಾರೋಬೆಲೆಯಲ್ಲಿ ಮತ್ತೊಂದು ಅಣೆಕಟ್ಟನ್ನು ಕಂಡು, ಕೊನೆಗೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಸಂಗಮದಿಂದ ಸ್ವಲ್ಪ ಮುಂದೆ ಕಾವೇರಿ ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುವ ತಾಣವೇ ಮೇಕೆದಾಟು. ಇಲ್ಲಿ 67.16 ಟಿಎಂಸಿ ನೀರು ನಿಲ್ಲಿಸಿ, ಬೆಂಗಳೂರಿಗೆ ಕುಡಿಯುವ ನೀರನ್ನೂ ಸುಮಾರು 400 ಮೆಗಾವಾಟ್ ವಿದ್ಯುತ್ತನ್ನೂ ಪಡೆಯುವ ಯೋಜನೆಯೊಂದನ್ನು ಕರ್ನಾಟಕ ಸರ್ಕಾರ ಮುಂದಿಟ್ಟಿದೆ. ಅದು ಕಾರ್ಯಗತವಾದರೆ ಕಾವೇರಿ ವನ್ಯಧಾಮದ ಕಾಡು ಬಹಳಷ್ಟು ಮುಳುಗುತ್ತದೆ. ನಗರದ ಬಾಯಾರಿಕೆಯೂ ನಿಜ, ಕಾಡಿನ ಬೆಲೆಯೂ ನಿಜ. ಸಂಗಮಕ್ಕೆ ಹೋಗಿ ಬಂದರೆ ಅರ್ಧ ದಿನವೇ ಕಳೆಯುವುದರಿಂದ ಅದನ್ನು ಇನ್ನೊಂದು ಸಲಕ್ಕೆ ಇಟ್ಟುಕೊಂಡೆವು.

ಕನಕಪುರದಿಂದ ರಾಮನಗರಕ್ಕೆ ಹೋಗುವ ದಾರಿಯಲ್ಲಿ ಅಣ್ಣನವರು ಮಾತು ತೆಗೆದರು. "ಅವ್ವ, ಈ ಸಲ ಊರಿಗೆ ಹೋಗೋದು ಬೇಡ. ನೇರ ನಮ್ಮ ಜೊತೆ ದಾವಣಗೆರೆಗೆ ಬಂದುಬಿಡಿ. ಸಂಕ್ರಾಂತಿ ಆದ ಮೇಲೆ ತಮ್ಮನ ಮನೆ" ಎಂದರು. ತಾಯಿಯವರು ಕಿಟಕಿಯ ಆಚೆ ನೋಡುತ್ತ, "ನೋಡೋಣ" ಎಂದಷ್ಟೇ ಹೇಳಿದರು. ಮತ್ತೆ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ರಾಮನಗರ ರೇಷ್ಮೆಯ ಊರು. ಇಲ್ಲಿನ ಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದುದು. ರೈತರು ತಂದು ಸುರಿದ ಬಿಳಿ ಮತ್ತು ಹಳದಿ ಗೂಡುಗಳ ರಾಶಿಯ ಮುಂದೆ ನೂಲು ಬಿಚ್ಚುವವರು ನಿಂತು, ಗೂಡನ್ನು ಕಿವಿಯ ಬಳಿ ಅಲುಗಿಸಿ, ಅದುಮಿ ನೋಡಿ ಬೆಲೆ ಕಟ್ಟುತ್ತಾರೆ. ಒಂದು ಒಳ್ಳೆಯ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಎಳೆ ಇರುತ್ತದೆಂದು ಕೇಳಿ ಮಕ್ಕಳು ಬೆರಗಾದರು. ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊತ್ತುಹೊತ್ತಿಗೆ ಹುಳುವಿಗೆ ಹಾಕುವ ಕೆಲಸ ಬಹುಮಟ್ಟಿಗೆ ಮನೆಯ ಹೆಂಗಸರದೇ. ನಾವು ಉಡುವ ರೇಷ್ಮೆಯ ಹಿಂದೆ ಎಷ್ಟು ಮನೆಗಳ ನಿದ್ರೆ ಸೇರಿದೆಯೆಂಬುದು ಆ ರಾಶಿಗಳ ಮುಂದೆ ನಿಂತಾಗ ತಿಳಿಯುತ್ತದೆ.

ಊರಿನ ನೆತ್ತಿಯ ಮೇಲಿರುವ ರಾಮದೇವರಬೆಟ್ಟವನ್ನು 1975ರಲ್ಲಿ ತೆರೆಕಂಡ 'ಶೋಲೆ' ಚಿತ್ರ ದೇಶಕ್ಕೆಲ್ಲ ಪರಿಚಯಿಸಿತು. ಆದರೆ ಈ ಬಂಡೆಗಳ ನಿಜವಾದ ಒಡೆಯರು ಉದ್ದ ಕೊಕ್ಕಿನ ರಣಹದ್ದುಗಳು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಮೂತ್ರಪಿಂಡವನ್ನು ಕೆಡಿಸಿ, ದೇಶದಾದ್ಯಂತ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಆ ಔಷಧವನ್ನು ನಿಷೇಧಿಸಲಾಯಿತು. 2012ರಲ್ಲಿ ಈ ಬೆಟ್ಟ ರಣಹದ್ದುಗಳ ಧಾಮವಾಯಿತು. ನಾವು ಹೋದ ದಿನ ಒಂದು ಹದ್ದೂ ಕಾಣಲಿಲ್ಲ. ತಾಯಿಯವರು ಮೆಟ್ಟಿಲು ಹತ್ತದೆ ಕೆಳಗೆ ನೆರಳಿನಲ್ಲಿ ಕುಳಿತು ಮೊಮ್ಮಕ್ಕಳು ಇಳಿದು ಬರುವುದನ್ನು ಕಾದರು.

ಅಲ್ಲಿಂದ ಹನ್ನೆರಡು ಕಿಲೋಮೀಟರ್ ದೂರದಲ್ಲಿ ಚನ್ನಪಟ್ಟಣ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಈ ಎರಡೂ ಊರುಗಳನ್ನು ಹೊರಗಿನಿಂದಲೇ ದಾಟಿಹೋಗುತ್ತದೆ. ಪ್ರಯಾಣವೇನೋ ಚುರುಕಾಯಿತು, ಹಳೆಯ ರಸ್ತೆಯ ಬದಿಯ ಬೊಂಬೆ ಅಂಗಡಿಗಳಿಗೆ ಮಾತ್ರ ದಾರಿಹೋಕ ಗಿರಾಕಿಗಳು ತಪ್ಪಿದರು. ಆದುದರಿಂದ ಊರೊಳಗೆ ಹೋಗಿಯೇ ಕೊಳ್ಳಬೇಕೆಂದು ನಿಶ್ಚಯಿಸಿದೆವು.

ಚನ್ನಪಟ್ಟಣದ ಬೊಂಬೆಗೆ ಹಾಲೆ ಮರವೇ ಮೂಲ. ಬಿಳಿಯಾದ ಈ ಮೆದು ಮರವನ್ನು ಕೆಲವು ತಿಂಗಳು ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಒಣಗರಿಯಿಂದ ತೀಡಿದರೆ ಹೊಳಪು ಬರುತ್ತದೆ. ಟಿಪ್ಪುವಿನ ಕಾಲದಿಂದ ಬಂದ ಕಸುಬೆಂದು ಹೇಳುವ ಈ ಕಲೆಯನ್ನು ಹಲವು ಮುಸ್ಲಿಂ ಕುಟುಂಬಗಳೂ ಇತರರೂ ಕಾಪಾಡಿಕೊಂಡು ಬಂದಿದ್ದಾರೆ. 2005-06ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಇದರ ಹೆಸರಿನಲ್ಲಿ ಪ್ಲಾಸ್ಟಿಕ್ ಆಟಿಕೆಗಳನ್ನೂ ಮಾರುವುದುಂಟು. ಕೈಯಲ್ಲಿ ಹಿಡಿದು ಮರವೇ ಎಂದು ನೋಡಿಕೊಳ್ಳುವುದು ಲೇಸು.

ಮಕ್ಕಳು ಬುಗುರಿ, ರೈಲುಬಂಡಿ ಆರಿಸಿಕೊಂಡರು. ತಾಯಿಯವರು ಬಹಳ ಹೊತ್ತು ನೋಡಿ ಒಂದು ಲಟ್ಟಣಿಗೆಯನ್ನು ಕೈಗೆತ್ತಿಕೊಂಡರು. "ಯಾರಿಗೆ ಅವ್ವ?" ಎಂದು ಕೇಳಿದೆವು. "ಊರ ಮನೆಗೆ. ಅಲ್ಲಿರೋದು ಸವೆದುಹೋಗಿದೆ" ಎಂದರು. ಅತ್ತಿಗೆಯವರು ನಮ್ಮತ್ತ ತಿರುಗಿ ನೋಡಿದರು. ಬೀಗ ಹಾಕಲಿರುವ ಮನೆಗೆ ಯಾರೂ ಹೊಸ ಲಟ್ಟಣಿಗೆ ಕೊಳ್ಳುವುದಿಲ್ಲ.

ಮಧ್ಯಾಹ್ನದ ಮೇಲೆ ಮಾಗಡಿ. ಕೆಂಪೇಗೌಡರ ವಂಶದವರು ಆಳಿದ ಊರು. ಕೋಟೆ, ಸೋಮೇಶ್ವರ ದೇವಾಲಯ, ತಿರುಮಲೆಯ ರಂಗನಾಥನ ಗುಡಿ ಎಲ್ಲವೂ ಇಲ್ಲಿವೆ. ಸಮೀಪದ ಸಾವನದುರ್ಗ 1226 ಮೀಟರ್ ಎತ್ತರದ ಏಕಶಿಲೆಯ ಬೆಟ್ಟ. 1791ರ ಡಿಸೆಂಬರಿನಲ್ಲಿ ಬ್ರಿಟಿಷರು ಇದನ್ನು ಟಿಪ್ಪುವಿನ ಸೈನ್ಯದಿಂದ ಗೆದ್ದುಕೊಂಡರು. ಬೆಟ್ಟದ ಬುಡದಲ್ಲಿ ವೀರಭದ್ರನೂ ನರಸಿಂಹನೂ ನೆರೆಹೊರೆಯವರಂತೆ ನೆಲೆಸಿದ್ದಾರೆ. ಹೊತ್ತು ಸಾಲದೆ ಬೆಟ್ಟವನ್ನು ದೂರದಿಂದಲೇ ನೋಡಿ ವೀರಾಪುರಕ್ಕೆ ಹೊರಟೆವು. ಅದು ತಾಯಿಯವರು ಮೊದಲೇ ಕೇಳಿಕೊಂಡಿದ್ದ ಒಂದೇ ಸ್ಥಳ.

ಮಾಗಡಿ ತಾಲ್ಲೂಕಿನ ಈ ಪುಟ್ಟ ಹಳ್ಳಿಯಲ್ಲಿ 1907ರ ಏಪ್ರಿಲ್ 1ರಂದು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು ಜನಿಸಿದರು. ಹದಿಮೂರು ಮಕ್ಕಳಲ್ಲಿ ಅವರೇ ಕಿರಿಯರು. 1930ರಲ್ಲಿ ವಿರಕ್ತಾಶ್ರಮ ಸ್ವೀಕರಿಸಿ, ಸಾವಿರಾರು ಬಡಮಕ್ಕಳಿಗೆ ಅನ್ನ, ವಸತಿ, ಅಕ್ಷರಗಳನ್ನು ನೀಡಿ, 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ನಮ್ಮ ತಂದೆಯವರೂ ಮಠದಲ್ಲಿ ಉಂಡು ಓದಿದವರೇ.

ಅಲ್ಲಿ ಒಂದು ಮರದಡಿ ಕುಳಿತಾಗ ತಾಯಿಯವರೇ ಮಾತನಾಡಿದರು. "ನಿಮ್ಮ ಮನೆಗಳೂ ನನ್ನ ಮನೆಗಳೇ. ಆದರೆ ಆರು ತಿಂಗಳಿಗೊಂದು ಸಲ ಗಂಟು ಕಟ್ಟಿಕೊಂಡು ತಿರುಗೋ ನೆಂಟಳಾಗಿ ನನ್ನನ್ನು ಮಾಡಬೇಡಿ. ಕೈಕಾಲು ಆಡೋವರೆಗೂ ಊರಲ್ಲೇ ಇರ್ತೀನಿ. ನಡೆಯೋಕಾಗದಿದ್ದ ದಿನ ನಾನೇ ಹೇಳಿ ಕಳಿಸ್ತೀನಿ." ಅಣ್ಣನವರು ರಾತ್ರಿ ಹೊತ್ತು ಏನಾದರೂ ಆದರೆ ಗತಿಯೇನೆಂದು ಕೇಳಿದರು. ಪಕ್ಕದ ಮನೆಯ ಚಿಕ್ಕಮ್ಮನವರು ರಾತ್ರಿ ಜೊತೆಗೆ ಮಲಗುವುದೆಂದೂ, ತಿಂಗಳಿಗೆ ಎರಡು ಸಲ ಅಣ್ಣತಮ್ಮಂದಿರಲ್ಲಿ ಒಬ್ಬರು ಊರಿಗೆ ಹೋಗಿಬರುವುದೆಂದೂ ಅಲ್ಲೇ ಮಾತಾಯಿತು. ಅಣ್ಣನವರಿಗೆ ಪೂರ್ಣ ಸಮಾಧಾನವಾಗಲಿಲ್ಲ, ನಮಗೂ ಅಳುಕಿತ್ತು. ಆದರೂ ಅವರ ಮಾತನ್ನು ಮೀರಲಿಲ್ಲ. ಅಂದಿನಿಂದ ಆ ಸರದಿ ತಪ್ಪದೆ ನಡೆದಿದೆ.

ಈ ದಾರಿಯಲ್ಲಿ ಬರಬಯಸುವ ಬಂಧುಗಳಿಗೆ ಎರಡು ಮಾತು. ಶಿವನಸಮುದ್ರವನ್ನು ನಸುಕಿನಲ್ಲಿಯೇ ಬಿಡಬೇಕು. ಗೂಡಿನ ಮಾರುಕಟ್ಟೆಯ ಸಡಗರ ಹಗಲೇರುವ ಮುನ್ನವೇ ಹೆಚ್ಚು. ಸಂಗಮ ಮತ್ತು ಸಾವನದುರ್ಗಗಳಿಗೆ ಬೇರೆ ದಿನವನ್ನೇ ಮೀಸಲಿಡುವುದು ಒಳ್ಳೆಯದು. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿರುವುದರಿಂದ ದಾರಿಯ ಫಲಕಗಳನ್ನು ಕಂಡು ಗಲಿಬಿಲಿಗೊಳ್ಳಬೇಕಾಗಿಲ್ಲ. ಮನೆಯ ಹಿರಿಯರನ್ನು ಜೊತೆಗೆ ಕರೆತನ್ನಿರಿ. ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬುದನ್ನು ಮಕ್ಕಳನ್ನು ಕೇಳುವಂತೆಯೇ ಅವರನ್ನೂ ಕೇಳಿರಿ. ಬೇಗ ಮನೆ ಸೇರಬೇಕೆಂಬ ಅವಸರವೊಂದನ್ನು ಬಿಟ್ಟರೆ ಪ್ರವಾಸದ ಕೊನೆಯ ದಿನದಲ್ಲಿ ಎಲ್ಲರ ಮಾತಿಗೂ ಸ್ಥಳವಿದೆ.