ಬೆಳಕು ಹಿಡಿಯುವ ಕೈ

ಕಳೆದ ರಜೆಯಲ್ಲಿ ನಮ್ಮ ಮನೆಯಲ್ಲಿ ನಡೆದ ಒಂದು ಸಣ್ಣ ಪ್ರಸಂಗವನ್ನು ವಾಚಕ ಬಂಧುಗಳ ಮುಂದಿಡಬಯಸುತ್ತೇನೆ. ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗ ಗೆಳೆಯರೊಡಗೂಡಿ ದೆವ್ವದ ಕಥೆಯ ಕಿರುಚಿತ್ರವೊಂದನ್ನು ತಯಾರಿಸಿದ್ದ. ಅದರ ಪೋಸ್ಟರಿಗೆ ಒಂದು ಮುಖ ಬೇಕಾಗಿತ್ತು. "ದೊಡ್ಡಜ್ಜಿ, ನಿಮ್ಮದೊಂದು ಫೋಟೋ ತೆಗೆಯಲೇ?" ಎಂದು ಎಪ್ಪತ್ತೆರಡು ವರ್ಷದ ನನ್ನ ಅಕ್ಕನನ್ನು ಕೇಳಿದ. ಮಮತೆಯಿಂದ ಆಕೆ ಒಪ್ಪಿದಳು. ಯಾವುದಕ್ಕೆಂದು ಅವನು ತಿಳಿಸಲಿಲ್ಲ. ಬಲ್ಲವನಾಗಿಯೂ ನಾನು ಸುಮ್ಮನಿದ್ದೆ.

ರಾತ್ರಿ ಪಡಸಾಲೆಯ ದೀಪಗಳನ್ನೆಲ್ಲ ಆರಿಸಿ, ಆಕೆಯ ಗದ್ದದ ಕೆಳಗೆ ಟಾರ್ಚು ಹಿಡಿದರು. ಮೇಲಿನಿಂದ ಬೀಳುವ ಬೆಳಕಿಗೆ ನಮ್ಮ ಕಣ್ಣು ಒಗ್ಗಿದೆ. ಅದೇ ಬೆಳಕು ಕೆಳಗಿನಿಂದ ಬಂದರೆ ನೆರಳುಗಳೆಲ್ಲ ತಲೆಕೆಳಗಾಗಿ, ಪರಿಚಿತ ಮುಖವೂ ಅಪರಿಚಿತವಾಗುತ್ತದೆ. ಅನಂತರ ಮೊಮ್ಮಗ ಕಂಪ್ಯೂಟರಿನಲ್ಲಿ ಚರ್ಮದ ಬಣ್ಣ ತಗ್ಗಿಸಿ ನೀಲಿ ಛಾಯೆ ಬೆರೆಸಿದ. ಕಣ್ಣಿನ ಗುಳಿಗಳನ್ನು ಕಪ್ಪಾಗಿಸಿ, ಸುಕ್ಕುಗಳನ್ನು ಎದ್ದು ಕಾಣಿಸಿದ. ಬಿಳಿಯ ಸೀರೆಗೆ ಮಾತ್ರ ಏನನ್ನೂ ಮಾಡಬೇಕಾಗಲಿಲ್ಲ. ಅವನ ಕೈಚಳಕಕ್ಕೆ ನಾನು ನಕ್ಕೆ.

ಮರುದಿನ ಅಕ್ಕ ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಮಕ್ಕಳ ಕಣ್ಣಿಗೆ ನಾನು ಹೀಗೆ ಕಾಣುತ್ತೇನೆಯೇ?" ಎಂದಳು. ಹಿಂದಿನ ರಾತ್ರಿಯ ನಗು ನನಗೆ ನಾಚಿಕೆ ತಂದಿತು. ಭಾವ ತೀರಿಕೊಂಡಂದಿನಿಂದ ಉಟ್ಟ ಬಿಳಿಯ ಸೀರೆ, ಮನೆಮಂದಿಗಾಗಿ ದುಡಿದ ಮುಖದ ಸುಕ್ಕು, ಇವೇ ದೆವ್ವದ ಲಕ್ಷಣಗಳೆಂದು ನಾವು ಎಂದು ಒಪ್ಪಿಕೊಂಡೆವು? ಸರಕಿನ ದೋಷ ಮುಚ್ಚಿಟ್ಟು ಮಾರುವುದು ವಂಚನೆಯೆಂದು ಅಂಗಡಿಯಲ್ಲಿ ಉಪದೇಶಿಸುವ ನಾನು, ಉದ್ದೇಶ ಮುಚ್ಚಿಟ್ಟು ಪಡೆದುದನ್ನು ಒಪ್ಪಿಗೆಯೆಂದು ಲೆಕ್ಕ ಹಿಡಿದಿದ್ದೆ.

ಇಬ್ಬರೂ ಆಕೆಯ ಕ್ಷಮೆ ಬೇಡಿದೆವು. ಮೊಮ್ಮಗ ಚಿತ್ರವನ್ನು ಅಳಿಸಿಹಾಕಿದ. ಅನಂತರ ಅವನೇ 1973ರ ಅಮೆರಿಕದ ಚಲನಚಿತ್ರ 'ದಿ ಎಕ್ಸಾರ್ಸಿಸ್ಟ್'ನ ಪೋಸ್ಟರನ್ನು ತೋರಿಸಿದ. ಬಿಲ್ ಗೋಲ್ಡ್ ರೂಪಿಸಿದ ಆ ಪೋಸ್ಟರಿನಲ್ಲಿ ವಿಕಾರ ಮುಖವೇ ಇಲ್ಲ. ಬೀದಿದೀಪದ ಬಳಿ ಟೋಪಿ ಧರಿಸಿ, ಚೀಲ ಹಿಡಿದು ನಿಂತ ಒಬ್ಬನ ಕಪ್ಪು ಆಕೃತಿ. ಮಹಡಿಯ ಕಿಟಕಿಯಿಂದ ಅವನತ್ತ ಚೆಲ್ಲಿದ ಬೆಳಕು. ಭಯವನ್ನು ನೋಡುವವನೇ ತುಂಬಿಕೊಳ್ಳಬೇಕು.

ಅಂದು ಸಂಜೆ ಅವನು ಪಡಸಾಲೆಯ ಖಾಲಿ ಕುರ್ಚಿಯನ್ನೂ ಅರೆತೆರೆದ ಬಾಗಿಲನ್ನೂ ಚಿತ್ರಿಸಿದ. ಬಾಗಿಲ ಹಿಂದೆ ಟಾರ್ಚು ಹಿಡಿದು ನಿಂತವಳು ಅಕ್ಕನೇ. ಈ ಬಾರಿ ಆಕೆಗೆ ಎಲ್ಲವೂ ತಿಳಿದಿತ್ತು. ಒಬ್ಬರ ಚಿತ್ರ ತೆಗೆಯುವ ಮುನ್ನ ಉದ್ದೇಶವನ್ನು ಹೇಳುವುದು, ತಿದ್ದಿದ ಮೇಲೆ ಮೊದಲು ಅವರಿಗೇ ತೋರಿಸುವುದು, ಇಷ್ಟನ್ನಾದರೂ ನಮ್ಮ ಮಕ್ಕಳಿಗೆ ಕಲಿಸೋಣ. ಆದರೆ ಅದಕ್ಕೂ ಮೊದಲು ಹಿರಿಯರಾದ ನಾವು ಕಲಿಯೋಣ.